ಓಣಿಗೊಂದೇ ಕನಸು

ನಾವು ಆ ಊರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಒಂದೂವರೆ. ಡ್ರೈವರ್ ನಮ್ಮ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಇಪ್ಪತ್ತು ಕಿಲೋ ಜೋಳದ ಹಿಟ್ಟಿನ ಡಬ್ಬಿ ಇಷ್ಟನ್ನೂ ಇಳಿಸಿಕೊಟ್ಟು, ಅದೇ ಬಸ್ಸಿನ ನೆರಳಿಗೆ ಚಾಪೆ ಹಾಸಿ ಮಲಗಿಬಿಟ್ಟ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಮಗೆ ಗೊತ್ತುಮಾಡಿದ್ದ ಮನೆಯನ್ನು ಹುಡುಕಿಕೊಂಡು ಹೋದರೆ, ಮನೆಯೊಡತಿ ಮುದುಕಿ ಹೊಸ್ತಿಲಿಗೆ ಅಡ್ಡಲಾಗಿ ಮಲಗಿದ್ದಾಳೆ, ಮುಷ್ಟಿಯಲ್ಲಿ ಬೀಗದ ಕೈ. ನಾನು ಕೆಮ್ಮಿದೆ. ಟ್ರಂಕನ್ನು ಎತ್ತಿ ಕುಕ್ಕಿದೆ. ಅವಳು ಮಗ್ಗುಲು ಕೂಡ ಬದಲಿಸಲಿಲ್ಲ.

"ಇರ್ಲಿ ಬಿಡ್ರಿ, ದಣದಿರಬೇಕು ಪಾಪ," ಎಂದು ನನ್ನ ಹೆಂಡತಿ ನೀಲಾಂಬಿಕಾ ಟ್ರಂಕಿನ ಮೇಲೆ ಕೂತಳು, ಗೋಡೆಗೆ ಒರಗಿದಳು, ಐದು ನಿಮಿಷದಲ್ಲಿ ಅವಳ ತಲೆಯೂ ವಾಲಿತು. ನಾನೊಬ್ಬ ಸಾಮಾನಿಗೆ ಕಾವಲು ನಿಂತೆ.

ಮೂರಕ್ಕೆ ಸರಿಯಾಗಿ ಬಾಗಿಲುಗಳೆಲ್ಲ ತೆರೆದವು. ಮುದುಕಿ ಎದ್ದು ಮುಖ ಒರೆಸಿಕೊಂಡು, ನನ್ನನ್ನು ನೋಡಿಯೂ ನೋಡದವಳಂತೆ ದಾಟಿ ಹೋಗಿ ನೀಲಾಳ ಮುಂದೆ ನಿಂತು ಚಪ್ಪಾಳೆ ತಟ್ಟಿದಳು. ಎದುರುಮನೆಯಿಂದ ಇಬ್ಬರು ಬಂದು ತಟ್ಟಿದರು. ಅಂಗಿಯಿಲ್ಲದ ಒಬ್ಬ ಉದ್ದನೆಯ ಮನುಷ್ಯ ಓಣಿಯ ಆ ತುದಿಯಿಂದಲೇ ತಟ್ಟುತ್ತ ಬಂದ. ಆಮೇಲೆ ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡು ಸುಮ್ಮನಾದರು. ಹೊಸಬರ ಮರ್ಯಾದೆ ಇರಬೇಕೆಂದು ನಾನೂ ಕೈ ಮುಗಿದೆ. ನನಗೆ ಯಾರೂ ತಟ್ಟಲಿಲ್ಲ.

"ಯಾಕ ತಟ್ಟಿದ್ರು?" ಎಂದು ನೀಲಾಳನ್ನು ಕೇಳಿದೆ.

"ನನಗೇನ ಗೊತ್ತು? ಜೊಂಪು ಹತ್ತಿತ್ತು. ಏನೋ ಕನಸು ಬಿದ್ದಿತ್ತು," ಎಂದು ಅವಳು ಸೆರಗು ಸರಿಮಾಡಿಕೊಂಡಳು. ಮುಖ ಕೆಂಪಗಾಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ನಾನು ಗುರಲಿಂಗಪ್ಪ, ಬಿಜಾಪುರ ಕಡೆಯವನು, ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಾಯ್ಲರ್ ನೋಡಿಕೊಂಡವನು. ಪರದೇಶದ ಸಮುದ್ರದಂಡೆಯ ಆ ಊರಿನ ಸಕ್ಕರೆ ಕಾರ್ಖಾನೆಗೆ ಒಂದು ವರ್ಷದ ಮಟ್ಟಿಗೆ ಹೋಗಿದ್ದೆ. ಬಿಸಿಲು ನಮಗೆ ಹೊಸದಲ್ಲ. ಆದರೆ ನಮ್ಮ ಬಿಸಿಲು ಒಣ ಬಿಸಿಲು, ನೇರವಾಗಿ ಬಂದು ಕಪಾಳಕ್ಕೆ ಹೊಡೆದು ಹೋಗುತ್ತದೆ. ಅಲ್ಲಿಯದು ಒದ್ದೆ ಬಿಸಿಲು. ಬಂದು ಹೆಗಲ ಮೇಲೆ ಕೂತರೆ ಇಳಿಯುವುದಿಲ್ಲ. ಮೊದಲ ವಾರದಲ್ಲೇ ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಪೆಟ್ಟಿಗೆಗೇ ಅಂಟಿತು. ನನ್ನ ಚರ್ಮದ ಚಪ್ಪಲಿಗೆ ಬೆಕ್ಕಿನ ಮರಿಯಂತೆ ಹಸಿರು ತುಪ್ಪಳ ಬಂತು. ನೀಲಾ ಹಾಕಿದ ಹಪ್ಪಳ ಹನ್ನೆರಡು ದಿನವಾದರೂ ಒಣಗದೆ, ಹದಿಮೂರನೆಯ ದಿನ ಇರುವೆಗಳು ಅವನ್ನು ಇಡಿಯಾಗಿ ಹೊತ್ತುಕೊಂಡು ಗೋಡೆ ಹತ್ತಿ ಹೋದವು. ಜೋಳದ ಹಿಟ್ಟು ಗಂಟುಗಟ್ಟಿತು. ರೊಟ್ಟಿ ಬಡಿದರೆ ಉಬ್ಬದು. ನೀಲಾ ಹಂಚಿನ ಮುಂದೆ ಕೂತು, "ಉಬ್ಬು, ನಿನ್ನ ಕಾಲಿಗೆ ಬೀಳ್ತೀನಿ," ಎನ್ನುತ್ತಿದ್ದಳು. ಕಡೆಗೆ ಅಲ್ಲಿಯವರಂತೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಣಸು ತಿನ್ನುವುದನ್ನು ಇಬ್ಬರೂ ಕಲಿತೆವು. ಎರಡು ಹೊತ್ತು ಸ್ನಾನ, ತೆಳ್ಳನೆಯ ಅಂಗಿ, ಮನೆಯೊಳಗೇ ಅರಿವೆ ಒಣಹಾಕುವುದು, ಎಲ್ಲಕ್ಕೂ ಒಗ್ಗಿಕೊಂಡೆವು. ಒಂದಕ್ಕೆ ಮಾತ್ರ ನೀಲಾ ಒಗ್ಗಿಕೊಂಡಳು, ನಾನು ಒಗ್ಗಲಿಲ್ಲ. ಅದು ಮಧ್ಯಾಹ್ನದ ನಿದ್ದೆ.

ಆರು ವಾರದಲ್ಲಿ ಅವರ ಮಾತು ನನಗೆ ಸುಮಾರಾಗಿ ತಿಳಿಯತೊಡಗಿತು. ಅವರು ಆಡಿದ್ದನ್ನು ಇಲ್ಲಿ ನಮ್ಮೂರ ಕನ್ನಡದಲ್ಲೇ ಹೇಳುತ್ತೇನೆ, ನನ್ನ ಕಿವಿಗೆ ಬಿದ್ದದ್ದು ಹಾಗೆಯೇ. ಕಾರ್ಖಾನೆಯ ಮ್ಯಾನೇಜರ್ ಬೆನುವಾ ಒಂದು ದಿನ ನನ್ನನ್ನು ಕರೆದು ಕೂಡಿಸಿಕೊಂಡ. ಅವನೂ ನಮ್ಮ ಓಣಿಯವನೇ.

"ಗುರಲಿಂಗಪ್ಪಾರ, ನೀವು ಒಂದರಿಂದ ಮೂರರತನಕ ಎಚ್ಚರ ಇರ್ತೀರಂತ. ಓಣ್ಯಾಗಿನ ಮಂದಿ ಬ್ಯಾಸರ ಮಾಡ್ಕೊಂಡಾರ."

"ನಾನು ಯಾರಿಗೇನು ಮಾಡೇನ್ರಿ? ಸುಮ್ಮನ ರಿಪೋರ್ಟ್ ಬರಕೋತ ಕೂತಿರ್ತೀನಿ."

"ಎಲ್ಲಾರೂ ಹೊಳ್ಯಾಗ ಜಳಕಾ ಮಾಡೂ ಹೊತ್ತಿನ್ಯಾಗ ಒಬ್ಬಾಂವ ಅಂಗಿ ಹಾಕ್ಕೊಂಡು ದಂಡಿ ಮ್ಯಾಲ ನಿಂತ್ರ ಹೆಂಗ ಕಾಣತೈತಿ? ಹಂಗಾಗೇತಿ. ಎಲ್ಲಾರದೂ ಎಲ್ಲಾರಿಗೂ ಗೊತ್ತು, ನಿಮ್ಮದೊಂದು ಯಾರಿಗೂ ಗೊತ್ತಿಲ್ಲ."

ಹೀಗೆ ನನಗೆ ತಿಳಿಯಿತು. ಆ ಊರಿನಲ್ಲಿ ಮಧ್ಯಾಹ್ನ ಎಲ್ಲೇ ಮಲಗಿದರೂ ಓಣಿಗೊಂದೇ ಕನಸು. ಯಾರದೋ ಒಬ್ಬರದು ಬೀಳುತ್ತದೆ, ಉಳಿದವರೆಲ್ಲ ಅದರೊಳಗಿರುತ್ತಾರೆ. ಮೂರಕ್ಕೆ ಎದ್ದು ಎಲ್ಲರೂ ಹೊಸ್ತಿಲಿಗೆ ಬಂದು ನಿಲ್ಲಬೇಕು. ಕನಸಿನವರು ಕೈಯೆತ್ತಿ "ನಂದು" ಎನ್ನಬೇಕು. ಚಲೋ ಕನಸಾದರೆ ಚಪ್ಪಾಳೆ. ಅಷ್ಟರ ಮೇಲೆ ಹೊತ್ತು ಮುಳುಗುವ ತನಕ ಅದರ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಕನಸಿನಲ್ಲಿ ಯಾರಿಗಾದರೂ ಅನ್ಯಾಯ ಆಗಿದ್ದು ಕಂಡರೆ, ಮಾಡಿದವನು ಅವರ ಮನೆಗೆ ಹಣ್ಣು ಹೊತ್ತು ಹೋಗಬೇಕು. ಒಂದು ಸಲ ಎದುರುಮನೆಯ ವಾರಗಿತ್ತಿಯರಲ್ಲಿ ದೊಡ್ಡವಳು ಚಿಕ್ಕವಳ ಜಡೆ ಕತ್ತರಿಸಿದಂತೆ ಕನಸು ಕಂಡು, ಎಚ್ಚರವಾದ ಮೇಲೆ ಅಳುತ್ತ ಎರಡು ಬಾಳೆಗೊನೆ ಹೊತ್ತುಕೊಂಡು ಹೋದಳು. ಚಿಕ್ಕವಳು ಗೊನೆ ಇಳಿಸಿಕೊಂಡು, "ಅಕ್ಕಾ, ಹೋದ ತಿಂಗಳ ನಾನೂ ನಿನ್ನ ಬಾವಿಗೆ ನೂಕಿದ್ದೆ, ಅವತ್ತ ನೀ ಊರಾಗ ಇರಲಿಲ್ಲ," ಎಂದು ಒಂದು ಗೊನೆ ವಾಪಸು ಕೊಟ್ಟಳು.

ಊರವರಿಗೆ ಇದು ಮಳೆ ಬಂದಷ್ಟೇ ಸಹಜ. ಅವರ ದೂರೆಲ್ಲ ಒಂದೇ: ವಾರಕ್ಕೆ ಮೂರು ಸಲ ಟಪಾಲು ಹಂಚುವ ಕಿತೂಬೋನ ಕನಸೇ ಬೀಳುತ್ತದೆ. ಮೊದಲ ದಿನ ಅಂಗಿಯಿಲ್ಲದೆ ಚಪ್ಪಾಳೆ ತಟ್ಟುತ್ತ ಬಂದ ಉದ್ದನೆಯವನೇ ಕಿತೂಬೊ. ಅವನ ಕನಸಿನಲ್ಲಿ ಯಾವಾಗಲೂ ಒಂದು ಕೋಳಿ. ಅದು ಪತ್ರ ನುಂಗುತ್ತದೆ, ಅವನು ಅಟ್ಟಿಸಿಕೊಂಡು ಹೋಗುತ್ತಾನೆ. ಓಣಿಯ ನಲವತ್ತು ಜನರೂ ಅವನ ಹಿಂದೆ ಓಡಬೇಕು. "ನಿದ್ದಿ ಮಾಡಿ ಎದ್ರ ಮಣಕಾಲು ನೋಯ್ತಾವ," ಎಂದು ಮನೆಯೊಡತಿ ಒಲೀನಾ ಗೊಣಗುತ್ತಿದ್ದಳು.

ಬೆನುವಾನಿಗೆ ನಾನು ಹೇಳಿದೆ, ಇಪ್ಪತ್ತಾರು ವರ್ಷದಲ್ಲಿ ಹಗಲು ಕಣ್ಣು ಮುಚ್ಚಿದವನಲ್ಲ ನಾನು, ಇದು ನನ್ನ ಶಿಸ್ತು ಅಂತ. ಅದು ಅರ್ಧ ನಿಜ. ಉಳಿದರ್ಧ ಇಲ್ಲಿ ಹೇಳುತ್ತೇನೆ.

ನಾವು ಬರುವ ಮೊದಲು ನೀಲಾ ನಮ್ಮೂರ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದಳು. ನಿಲ್ಲಿಸಿದವರು ಯಾರೂ ಇಲ್ಲ, ತಾನಾಗಿ ನಿಂತಿದ್ದಳು. ನಮ್ಮ ವಾರ್ಡಿನ ಗಟಾರಿನ ನೀರು ಅಂಗನವಾಡಿಯೊಳಗೆ ನುಗ್ಗುತ್ತಿತ್ತು, ಅದನ್ನು ತಿರುಗಿಸಬೇಕೆಂದು ಅವಳ ಹಟ. ಮನೆಮನೆ ತಿರುಗಿದಳು. ಗೆಲ್ಲುತ್ತಾಳೆಂದು ಎಲ್ಲರಿಗೂ ಗೊತ್ತಾಯಿತು. ಚಹದ ಅಂಗಡಿಯಲ್ಲಿ ಯಾರೋ ನನಗೆ, "ಬರ್ರಿ ಮೆಂಬರ್ ಬಾಯಾರ ಗಂಡ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಕಾರ್ಖಾನೆಗೆ ಹೋಗಿ, ಪರದೇಶದ ಕೆಲಸಕ್ಕೆ ಯಾರು ಹೋಗುತ್ತೀರೆಂದು ಹಾಕಿದ್ದ ನೋಟೀಸು ನೋಡಿ, ನನ್ನ ಹೆಸರು ಬರೆದುಕೊಟ್ಟೆ. ಮನೆಗೆ ಬಂದು, "ಕಂಪನಿ ಆರ್ಡರ್ ಬಂದೈತಿ ನೀಲಾ, ಬ್ಯಾಡ ಅನ್ನಾಕ ಬರೂದಿಲ್ಲ," ಎಂದೆ. ಮೂರನೆಯ ದಿನ ಅವಳು ನಾಮಪತ್ರ ವಾಪಸು ತೆಗೆದುಕೊಂಡಳು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡವನು ಓಣಿಗೊಂದೇ ಕನಸು ಬೀಳುವ ಊರಿನಲ್ಲಿ ಮಲಗುತ್ತಾನೆಯೇ?

ಅಷ್ಟರಲ್ಲಿ ಓಣಿಯವರು ನೀಲಾಳಿಗೆ ತೋರಿಸುವ ಮರ್ಯಾದೆ ದಿನದಿಂದ ದಿನಕ್ಕೆ ಹೆಚ್ಚಾಗತೊಡಗಿತು. ದಾರಿಯಲ್ಲಿ ಕಂಡರೆ ನಿಂತು ಬಾಗುವರು. ಒಬ್ಬಳು ಬಂದು ತನ್ನ ಬಚ್ಚಲ ನೀರು ಯಾವ ಕಡೆ ಬಿಡಲಿ ಎಂದು ಕೇಳಿದಳು. ಒಂದು ಸಂಜೆ ನಾಲ್ಕು ಜನ ಗುದ್ದಲಿ ಹಿಡಿದು ಓಣಿಯ ಅಂಚು ಅಗೆಯತೊಡಗಿದರು. ಅವರಲ್ಲೊಬ್ಬ ನನ್ನನ್ನು ಕರೆದು, "ಇಳಿಜಾರು ಬಾಯಾರು ಹೇಳಿದಂಗ ಆಗೇತೇನು ನೋಡ್ರಿ," ಎಂದ. ಬಾಯಾರು ಯಾವಾಗ ಹೇಳಿದರು ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿ ಮತ್ತೆ ಅಗೆಯತೊಡಗಿದ.

ಮನೆಗೆ ಬಂದು ಕೇಳಿದೆ. "ನೀ ಕನಸಿನ್ಯಾಗ ದಿನಾ ಭಾಷಣಾ ಮಾಡ್ತಿಯಂತ?"

ನೀಲಾ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. "ದಿನಾ ಎಲ್ಲಿ? ವಾರಕ್ಕ ಎರಡು. ಉಳಿದದ್ದು ಕೋಳಿ."

"ಯಾವ ಭಾಷಣಾ?"

"ಊರಾಗ ಮಾಡೂದು ಉಳಿದಿತ್ತಲ್ಲ, ಅದು." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಅವಳೇ ಅಂದಳು, "ನೀವ್ಯಾಕ ಮಾರಿ ಸಣ್ಣದು ಮಾಡ್ತೀರಿ? ಕಂಪನಿ ಆರ್ಡರ್ ಬಂದ್ರ ನೀವರ ಏನ ಮಾಡ್ತೀರಿ."

ಚಾಕು ಅವಳ ಕೈಯಲ್ಲಿತ್ತು, ನೆಟ್ಟದ್ದು ನನಗೆ. ಹಾಗೆಂದು ಬಾಯಿ ಬಿಟ್ಟೆನೆ? ಇಲ್ಲ. ಎಚ್ಚರವಾಗಿರುವುದನ್ನು ಇನ್ನೂ ಬಿಗಿ ಮಾಡಿದೆ. ಊಟವಾದೊಡನೆ ಕಣ್ಣಿಗೆ ನೀರು ಚಿಮುಕಿಸಿಕೊಳ್ಳುವುದು, ನಿಂತುಕೊಂಡೇ ರಿಪೋರ್ಟ್ ಬರೆಯುವುದು, ನಾಲಿಗೆಯ ಕೆಳಗೆ ಹಸಿಮೆಣಸಿನಕಾಯಿ. ಕಾರ್ಖಾನೆಯಲ್ಲಿ ಅಷ್ಟು ಹೊತ್ತೂ ಬಾಯ್ಲರ್ ಕೂಡ ಆರಿಸಿರುತ್ತಿದ್ದರು. ಎಲ್ಲೆಲ್ಲೂ ಗೊರಕೆ. ಯಂತ್ರಗಳ ನಡುವೆ ನಾನೊಬ್ಬ ಖಾರಕ್ಕೆ ಕಣ್ಣೀರು ಸುರಿಸುತ್ತ ಓಡಾಡುವೆ. ಅಲ್ಲಿಯ ಹಲ್ಲಿಗಳು ಸಹ ಮಲಗುತ್ತಿದ್ದವು.

ಎಂಟು ತಿಂಗಳು ಹೀಗೆ ನಡೆಯಿತು. ಕಬ್ಬು ಅರೆಯುವ ಹಂಗಾಮು ಮುಗಿದ ಮರುದಿನ ಎಲ್ಲರಿಗೂ ರಜೆ. ಒಲೀನಾ ಇಡೀ ಓಣಿಯನ್ನು ಊಟಕ್ಕೆ ಕರೆದಳು. ಮೀನು ನಾವು ಮುಟ್ಟುವುದಿಲ್ಲವೆಂದು ನಮಗಾಗಿ ಬೇರೆ ಒಲೆ ಹೂಡಿ, ಕುಂಬಳಕಾಯಿಯನ್ನು ತೆಂಗಿನ ಹಾಲು, ಬೆಲ್ಲ ಹಾಕಿ ಬೇಯಿಸಿದ್ದಳು. ಮೂರು ಸಲ ಬಡಿಸಿಕೊಂಡೆ. ಮನೆಗೆ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತು, ಒಂದು ಮೆಣಸಿನಕಾಯಿ ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೆ. ಹೊರಗೆ ಒಂದು ಮಳೆ ಸುರಿದು ನಿಂತಿತು. ತಂಪು ಗಾಳಿ ಬಂದು ಮುಖ ಸವರಿತು. ಗಡಿಯಾರ ಒಂದು ಹೊಡೆದದ್ದು ನೆನಪಿದೆ.

ಮುಂದೆ ನಾನು ನಮ್ಮೂರ ಪಂಚಾಯಿತಿ ಕಚೇರಿಯಲ್ಲಿದ್ದೆ. ಅದು ಸಂತೆಯಷ್ಟು ದೊಡ್ಡದಾಗಿತ್ತು. ಮೇಲೆ ಏಣಿ ಹಚ್ಚಿ ಹತ್ತಬೇಕಾದಂಥ ಕುರ್ಚಿಯಲ್ಲಿ ನೀಲಾ ಕೂತಿದ್ದಳು. ಕೆಳಗೆ ಬೆಂಚಿನ ಮೇಲೆ ಒಲೀನಾ, ಬೆನುವಾ, ವಾರಗಿತ್ತಿಯರು, ಎಲ್ಲರೂ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ಸಿಪಾಯಿ ಬಂದು, "ಮೆಂಬರ್ ಬಾಯಾರ ಗಂಡ ಯಾರು?" ಎಂದು ಕೂಗಿದ. ನಾನು ಓಡಿದೆ. ಅಡಗಿಕೊಳ್ಳಲು ಬಾಯ್ಲರ್ ಬಾಗಿಲು ತೆಗೆದರೆ ಅದರೊಳಗೂ ಕಿತೂಬೊ ಕೂತಿದ್ದ, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅಲ್ಲಿ ಕಬ್ಬಿಣದ ಗೋಡೆಯ ಮೇಲೆ ನಾನು ಸುಣ್ಣದ ಕಡ್ಡಿಯಿಂದ ಅರ್ಜಿ ಬರೆಯತೊಡಗಿದೆ. "ನನ್ನ ಸ್ವಂತ ಇಚ್ಛೆಯಿಂದ ಪರದೇಶಕ್ಕೆ ಹೋಗಲು ಒಪ್ಪಿರುತ್ತೇನೆ." ಒಂದೊಂದು ಅಕ್ಷರವೂ ಆಳೆತ್ತರ. ಬರೆದಷ್ಟೂ ಅಕ್ಷರ ಹೊಳೆಯತೊಡಗಿತು. ಹಿಂದೆ ತಿರುಗಿ ನೋಡಿದರೆ ಇಡೀ ಓಣಿ ನಿಂತು ಓದುತ್ತಿದೆ. ಎಲ್ಲರ ಮುಂದೆ ನೀಲಾ.

ಎಚ್ಚರವಾಯಿತು. ಮೂರು ಗಂಟೆ. ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಇತ್ತು. ಹಾಸಿಗೆಯಲ್ಲಿ ನೀಲಾ ಇರಲಿಲ್ಲ, ಆಗಲೇ ಹೊಸ್ತಿಲಿಗೆ ಹೋಗಿ ನಿಂತಿದ್ದಳು. ನಾನೂ ಹೋಗಿ ನಿಂತೆ. ಓಣಿಯುದ್ದಕ್ಕೂ ಹೊಸ್ತಿಲುಗಳಲ್ಲಿ ಜನ. ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ನನ್ನ ಕಡೆ ನೋಡಲಿಲ್ಲ, ಅಷ್ಟು ಮರ್ಯಾದಸ್ಥರು. ಕಿತೂಬೊ ಅಂತೂ ಎಲ್ಲಿ ತಾನೇ "ನಂದು" ಎಂದುಬಿಡುತ್ತಾನೋ ಅನ್ನುವಂತೆ ಸಂಕಟಪಡುತ್ತಿದ್ದ. ನಾನು ಕೈಯೆತ್ತಿದೆ.

"ನಂದು," ಎಂದೆ. ಓಣಿಯ ತುದಿಯವರೆಗೂ ಕೇಳಲೆಂದು ಮತ್ತೊಮ್ಮೆ ಹೇಳಿದೆ. "ನಂದು."

ಹೊತ್ತು ಮುಳುಗುವ ತನಕ ಮಾತಿಲ್ಲವೆಂಬ ನಿಯಮ ಎಷ್ಟು ಕ್ರೂರವೆಂದು ನನಗೆ ಆ ಮೂರು ತಾಸಿನಲ್ಲಿ ಗೊತ್ತಾಯಿತು. ನೀಲಾ ಚಹ ಮಾಡಿದಳು, ಕೊಟ್ಟಳು. ಅರಿವೆ ಮಡಚಿದಳು. ನನ್ನ ಅಂಗಿಯ ಗುಂಡಿ ಹಚ್ಚಿದಳು. ಸೂಜಿ ಒಳಗೆ ಹೋಗಿ ಹೊರಗೆ ಬರುವಾಗಲೆಲ್ಲ ನನಗೆ ಚುಚ್ಚಿದಂತಾಗುತ್ತಿತ್ತು. ಕಡೆಗೂ ಸೂರ್ಯ ಸಮುದ್ರಕ್ಕೆ ಇಳಿದ. ಅಕ್ಕಪಕ್ಕದ ಕಿಟಕಿಗಳು ಸದ್ದಿಲ್ಲದೆ ತೆರೆದವು.

"ಸ್ವಂತ ಇಚ್ಛಾದಿಂದ ಅಂತ ಬರದೀರಿ," ಎಂದಳು ನೀಲಾ.

"ಹೌದು."

"ಅಕ್ಷರ ಭಾಳ ದುಂಡಗ ಬರದೀರಿ. ನನ್ನ ನಾಮಪತ್ರ ತುಂಬಿಕೊಡ್ರಿ ಅಂದಾಗ ಕೈ ನೋಯ್ತಾವ ಅಂದಿದ್ರಿ." ಅಷ್ಟು ಹೇಳಿ ಒಳಗೆ ಹೋದಳು. ಕಿಟಕಿಗಳು ಮುಚ್ಚಿಕೊಂಡವು.

ಮರುದಿನ ಒಲೀನಾ ನನ್ನನ್ನು ಕರೆದುಕೊಂಡು ಹೋಗಿ ಹಣ್ಣು ತೋರಿಸಿದಳು. ನಾನು ಬಾಳೆಹಣ್ಣು ಸಾಕೆಂದುಕೊಂಡಿದ್ದೆ. ಒಲೀನಾ ತಲೆಯಾಡಿಸಿದಳು. "ಜಡಿ ಕತ್ತರಿಸಿದ್ದಕ್ಕ ಬಾಳಿಗೊನಿ. ನೀವು ಮಾಡಿದ್ದು ಸಣ್ಣದಲ್ಲ." ಅದು ಹಲಸಿನ ಹಣ್ಣಿನ ಅಣ್ಣನಂಥದ್ದು, ಮೈತುಂಬ ಮುಳ್ಳು, ಒಂದು ಕರುವಿನಷ್ಟು ತೂಕ. ಅನ್ಯಾಯವಾದವರ ಮನೆಗೆ ಓಣಿಯ ತುದಿಯಿಂದ ಹೊತ್ತು ತರಬೇಕು. ಅವಳಿರುವುದು ನಮ್ಮದೇ ಮನೆಯಲ್ಲಲ್ಲವೇ ಎಂದರೆ, "ಹಂಗಂತ ಹಿತ್ತಲ ಬಾಗಲದಿಂದ ಬರ್ತೀರೇನು?" ಎಂದಳು.

ಹೊತ್ತೆ. ಎರಡೂ ಬದಿಗೆ ಜನ ನಿಂತು ಬುದ್ಧಿ ಹೇಳಿದರು. ಹೊಟ್ಟೆಗೆ ಆನಿಸಿಕೊಳ್ಳಿರಿ ಎಂದು ಒಬ್ಬ, ತಲೆಯ ಮೇಲೆ ಇಟ್ಟುಕೊಳ್ಳಿರಿ ಎಂದು ಇನ್ನೊಬ್ಬಳು. ನಮ್ಮ ಬಾಗಿಲು ಬಡಿದೆ. ನೀಲಾ ಬಂದು ಹಣ್ಣಿಗೆ ಬೆರಳಿನಿಂದ ಎರಡೇಟು ತಟ್ಟಿ ಸದ್ದು ಆಲಿಸಿದಳು.

"ಇನ್ನೂ ಕಾಯಿ ಐತಿ," ಎಂದು ಬಾಗಿಲು ಹಾಕಿಕೊಂಡಳು.

ನಾಲ್ಕು ದಿನ ಬಿಟ್ಟು ಇನ್ನೊಂದು ಹೊತ್ತೆ. "ಇದು ಕೊಳತೈತಿ." ಈ ನಡುವೆ ಊಟ ನಿಂತಿರಲಿಲ್ಲ, ಮಾತು ನಿಂತಿತ್ತು. ತಾಟು ಇಡುವ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟಿದೆಯೆಂದು ಅಳೆಯುತ್ತಿದ್ದೆ. ಮಧ್ಯಾಹ್ನ ಅವಳ ಕನಸೂ ನಿಂತಿತ್ತು. ಓಣಿಯವರು ಸತತ ಒಂಬತ್ತು ದಿನ ಕೋಳಿಯ ಹಿಂದೆ ಓಡಿ ಹೈರಾಣಾದರು.

"ಬರೇ ಹಣ್ಣು ಹೊತ್ರ ಮುಗೀತೇನು?" ಎಂದಳು ಒಲೀನಾ. "ಹಣ್ಣಿಗೆ ಬಾಯಿಲ್ಲ, ನಿಮಗೈತಿ."

ಮೂರನೆಯ ಸಲ ಹೊತ್ತಾಗ ಬೆನ್ನು ಹಿಡಿದುಕೊಂಡಿತ್ತು. ನೀಲಾ ಬಾಗಿಲು ತೆಗೆದು ಹಣ್ಣು ತಟ್ಟಲು ಕೈ ಚಾಚಿದಳು. ಅಷ್ಟರಲ್ಲಿ ನಾನೇ ಮಾತಾಡಿದೆ. ಓಣಿಯೆಲ್ಲ ಕೇಳುತ್ತಿತ್ತು. ಕೇಳಲಿ ಎಂದೇ ಮಾತಾಡಿದೆ.

"ನೀಲಾ, ಆರ್ಡರ್ ಬಂದಿರಲಿಲ್ಲ. ಮೆಂಬರ್ ಬಾಯಾರ ಗಂಡ ಅಂದ್ರು. ಮಂದಿ ಮುಂದ ನಕ್ಕೆ, ಒಳಗ ಉರದುಹೋತು. ನೀ ಗೆದ್ರ ನಾ ಸಣ್ಣಾಂವ ಆಗ್ತೀನಿ ಅನಿಸ್ತು. ಅದಕ್ಕ ನಿನ್ನ ಎಳಕೊಂಡು ಬಂದೆ. ಇಷ್ಟ. ಇದರಾಗ ಕಂಪನೀದೇನೂ ತಪ್ಪಿಲ್ಲ."

ಅವಳು ಹಣ್ಣು ತಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಒಳಗ ತರ್ರಿ," ಎಂದಳು. "ಮೊದಲ ಅಂಗಿ ತಗೀರಿ, ಅಂಟು ಹತ್ತಿದ್ರ ಹೋಗೂದಿಲ್ಲ."

ಕ್ಷಮಿಸಿದೆ ಎಂದು ಅವಳು ಅವತ್ತು ಹೇಳಲಿಲ್ಲ. ಇವತ್ತಿನ ತನಕವೂ ಹೇಳಿಲ್ಲ. ಹಣ್ಣನ್ನು ಬಿಡಿಸಿ ಓಣಿಗೆಲ್ಲ ಹಂಚಿದಳು, ನನಗೂ ಎರಡು ತೊಳೆ ಬಂತು.

ಮರುದಿನದಿಂದ ನಾನು ಎಲ್ಲರಂತೆ ಒಂದಕ್ಕೆ ಮಲಗತೊಡಗಿದೆ. ಮುಚ್ಚಿಡಲು ಏನೂ ಉಳಿದಿರಲಿಲ್ಲವಾಗಿ ನಿದ್ದೆ ಕಲ್ಲಿನಂತೆ ಬರುತ್ತಿತ್ತು. ಒಂದು ವಾರದ ಮೇಲೆ ನೀಲಾಳ ಕನಸು ಮತ್ತೆ ಶುರುವಾಯಿತು. ಮೊದಲ ಸಲ ನಾನು ಅವಳ ಭಾಷಣ ಕೇಳಿದೆ. ಅಂಗನವಾಡಿಯ ಅಂಗಳದಲ್ಲಿ ಜನವೋ ಜನ, ನಾನು ಕಡೆಯ ಸಾಲಿನಲ್ಲಿ. ಅವಳು ಚೀಟಿ ನೋಡದೆ ಮಾತಾಡಿದಳು. ನೀರು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಯಾರ ಕಟ್ಟೆ ಒಡೆದರೆ ಯಾರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಹೇಗೆ ಇಳಿಸಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಈ ಹೆಂಗಸಿನ ಕೈಯ ಅನ್ನ ಉಂಡಿದ್ದೇನೆ, ಇಷ್ಟು ಗೊತ್ತಿರಲಿಲ್ಲ ನನಗೆ. ಪೈಪಿನ ಅಳತೆಯ ಬಗ್ಗೆ ನನಗೊಂದು ಸಂಶಯ ಬಂದು ಕೈಯೆತ್ತಿದೆ. "ಪ್ರಶ್ನಾ ಕಡೀಕೆ," ಎಂದಳು. ಕಡೆಗೆ ಕೇಳುವಷ್ಟರಲ್ಲಿ ಮೂರು ಹೊಡೆಯಿತು.

ವರ್ಷ ಮುಗಿಯಲು ಹದಿನೈದು ದಿನ ಇದ್ದಾಗ ಬೆನುವಾ ಕಾಗದ ಕೊಟ್ಟ. ಇನ್ನೊಂದು ವರ್ಷ ಇರುತ್ತೀರೋ, ಊರಿಗೆ ಹೋಗುತ್ತೀರೋ, ಬರೆದು ತಿಳಿಸಿರಿ ಎಂದು. ಅದನ್ನು ಮಡಿಕೆ ಬಿಚ್ಚದೆ ತಂದು ನೀಲಾಳ ಕೈಗೆ ಕೊಟ್ಟೆ.

"ಏನ ಮಾಡೂಣು?" ಎಂದೆ. ಮದುವೆಯಾದಾಗಿನಿಂದ ನಾನು ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು.

ಅವಳು ಓದಿ, ಮಡಚಿ, ಸೊಂಟಕ್ಕೆ ಸಿಗಿಸಿಕೊಂಡಳು. "ಮಲಗಿ ಎದ್ದು ಹೇಳ್ತೀನಿ."

ಸುದ್ದಿ ಓಣಿಗೆ ಹಬ್ಬಿತು. ಬಾಯಾರ ಮನಸ್ಸಿನಲ್ಲಿ ಏನಿದೆಯೋ ಅದು ಇವತ್ತಿನ ಕನಸಿನಲ್ಲಿ ಗೊತ್ತಾಗುತ್ತದೆಂದು ಎಲ್ಲರೂ ಹನ್ನೆರಡೂವರೆಗೇ ಊಟ ಮುಗಿಸಿ ಚಾಪೆ ಹಾಸಿದರು. ನಾನೂ ಕಣ್ಣು ಮುಚ್ಚಿದೆ.

ಕೋಳಿ ಬಂತು. ಅವತ್ತು ಪತ್ರ ಸಾಲದೆ ಟಪಾಲು ಪೆಟ್ಟಿಗೆಯನ್ನೇ ನುಂಗಿತು.

ಮೂರಕ್ಕೆ ಕಿತೂಬೊ ಹೊಸ್ತಿಲಿಗೆ ಬಂದು, ಮುಖ ಮುಚ್ಚಿಕೊಂಡು, "ನಂದು. ತಪ್ಪಾತ್ರೀ," ಎಂದ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ನಲವತ್ತು ಜನವೂ ನೀಲಾಳನ್ನು ನೋಡುತ್ತಿದ್ದರು.

"ಬಾಯಿಂದನ ಹೇಳಬೇಕಾತಲ್ಲ ಬಾಯಾರ," ಎಂದಳು ಒಲೀನಾ.

ನೀಲಾ ಮೆಟ್ಟಿಲಿಳಿದು ಓಣಿಯ ನಡುವೆ ನಿಂತಳು. ಕನಸಿನಲ್ಲಿ ಅಷ್ಟು ಸೊಗಸಾಗಿ ಮಾತಾಡುವವಳು, ಎಚ್ಚರದಲ್ಲಿ ಅವರ ಭಾಷೆ ಆಡಿದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ. ಆದರೂ ಅವಳು ಅಂಜದೆ ಆಡಿದಳು.

"ಗಟಾರು ಕಿತೂಬೊ ಅವರ ಮನಿತನಕ ಬಂದು ನಿಂತೈತಿ. ಅದರ ಮುಂದ ಮಳಿನೀರು ಹೆಂಗ ಹೋಗಬೇಕು? ಅರ್ಧಾ ಬಿಟ್ಟು ಹೋಗೂದು ನನಗ ಒಮ್ಮೆ ಸಾಕಾಗೇತಿ. ಇನ್ನೊಂದು ವರ್ಷ ಇರ್ತೀವಿ."

ಮೂರರ ಮೇಲೆ ಚಪ್ಪಾಳೆ ತಟ್ಟುವುದು ಕನಸಿಗೆ ಮಾತ್ರ, ಎಚ್ಚರದ ಮಾತಿಗೆ ತಟ್ಟಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲಾ ಅದಕ್ಕೆ ಕಾಯದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು:

"ಕೇಳ್ರಿ. ನೀವು ಬಂದಿದ್ದಕ್ಕ ಇರೂದಲ್ಲ. ನಾ ಇರೂಣು ಅಂದಿದ್ದಕ್ಕ ಇರೂದು. ಊರಿಗೆ ಹೋದ ಮ್ಯಾಲ ಮುಂದಿನ ಸಲ ಮತ್ತ ನಿಲ್ತೀನಿ."

"ಆತು," ಎಂದೆ.

"ಹಂಗಾರ ಏನ ನೋಡ್ತೀರಿ? ಅಂಗಿ ತೋಳು ಏರಿಸ್ರಿ, ಹೊತ್ತು ಮುಣಗೂದ್ರಾಗ ನಾಲ್ಕು ಮಾರು ಅಗೀಬೇಕು."

ಕಿತೂಬೊ ಓಡಿಹೋಗಿ ಎರಡು ಗುದ್ದಲಿ ತಂದ. ನಾನು ಒಂದನ್ನು ತೆಗೆದುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ನೀಲಾಳನ್ನು ಕೇಳಿದೆ.